ಹದ್ದಣ್ಣನ ಟೋಪಿ ಮತ್ತು ಪೊದೆಯೊಳಗಿನ ಚೆಂಡು

ಲೋಕದಲ್ಲಿ ಒಬ್ಬರಿಗೊಬ್ಬರು ಟೋಪಿ ಹಾಕಿ ಬದುಕುವವರೇ ಹೆಚ್ಚು. ಹದ್ದಣ್ಣ ಮಾತ್ರ ಟೋಪಿ ತೆಗೆದು ಬದುಕಿದವನು. ತಮಾಷೆಗೆ ಹೇಳುತ್ತಿಲ್ಲ, ಅವನ ಕಸುಬೇ ಅದು. ಊರಂಚಿನ ಗಾಲ್ಫ್ ಕ್ಲಬ್ಬಿನಲ್ಲಿ ಇಪ್ಪತ್ತೇಳು ವರ್ಷದಿಂದ ಅವನು ಕ್ಯಾಡಿ. ಆಟಗಾರರ ಕೋಲುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹದಿನೆಂಟು ಕುಳಿಗಳ ದಾರಿಯನ್ನು ಅವರ ಜೊತೆ ನಡೆಯುವವನು. ಆದರೆ ಚೀಲ ಹೊರುವ ಮಾತೆತ್ತಿದರೆ ಅವನಿಗೆ ಸಿಟ್ಟು ಬರುತ್ತಿತ್ತು. "ಚೀಲ ಹೊರೋಕೆ ಕತ್ತೆ ಸಾಕು. ನನ್ನನ್ನ ಕರೆಯೋದು ಕಣ್ಣಿಗೆ" ಎನ್ನುತ್ತಿದ್ದ. ಹದ್ದು ಎಂಬ ಹೆಸರು ಬಂದದ್ದೂ ಹಾಗೆಯೇ.

ಆ ಕ್ಲಬ್ಬಿನಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಹೊಡೆದ ಚೆಂಡು ಹುಲ್ಲಿನ ಬಯಲು ಬಿಟ್ಟು ಮರಗಿಡಗಳ ಸಂದಿಗೆ ನುಗ್ಗಿದರೆ ಆಟಗಾರನ ಕ್ಯಾಡಿ ಮುಂದೆ ಹೋಗಬೇಕು. ಚೆಂಡನ್ನು ಹುಡುಕಿ, ಮುಟ್ಟದೆ, ಅದರ ಪಕ್ಕದಲ್ಲಿ ನಿಂತು ತಲೆಯ ಮೇಲಿನ ಟೋಪಿಯನ್ನು ತೆಗೆದು ಎತ್ತಿ ತೋರಿಸಬೇಕು. ಚೆಂಡು ಸಿಕ್ಕಿದೆ, ಬಿದ್ದ ಹಾಗೇ ಇದೆ, ಅದಕ್ಕೆ ನಾನು ಸಾಕ್ಷಿ ಎಂದು ಅದರ ಅರ್ಥ. ಟೋಪಿ ಮೇಲೆ ಹೋಯಿತೆಂದರೆ ಮುಗಿಯಿತು, ಎದುರಾಳಿ ತುಟಿ ಬಿಚ್ಚುವಂತಿಲ್ಲ. ಚೆಂಡಿನ ಪಕ್ಕದಲ್ಲಿ ನಿಂತೂ ಕ್ಯಾಡಿ ಟೋಪಿ ತೆಗೆಯಲಿಲ್ಲವೋ, ಯಾರೋ ಚೆಂಡನ್ನು ಸರಿಸಿದ್ದಾರೆ ಎಂದು ಲೆಕ್ಕ. ಆಟ ಅಲ್ಲಿಗೇ ನಿಲ್ಲುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಹದ್ದಣ್ಣನ ಟೋಪಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಮನೆ ಇಲ್ಲದವನಿಗೆ ಮನೆ ಎಷ್ಟೋ, ಅವನಿಗೆ ಆ ನಂಬಿಕೆ ಅಷ್ಟು.

ಇಂಥ ಕೆಲಸಕ್ಕೆ ಅನುಮಾನದ ಬುದ್ಧಿ ಬೇಕೇ ಬೇಕು, ಮತ್ತು ದೇವರು ಅವನಿಗೆ ಅದನ್ನು ಕೊಡುವಾಗ ಕೈ ಬಿಗಿ ಹಿಡಿದಿರಲಿಲ್ಲ. ಮನುಷ್ಯ ಸುಳ್ಳಾಡುವಾಗ ಬಾಯಿ ಆಮೇಲೆ, ಕಾಲು ಮೊದಲು ಎಂಬುದು ಅವನ ಸಿದ್ಧಾಂತ. ಮರದ ಬೇರಿಗೆ ಅಂಟಿಕೊಂಡ ಚೆಂಡನ್ನು ಹೊಡೆಯುವುದು ಕಷ್ಟ, ಬೂಟಿನ ತುದಿಯಿಂದ ಅರ್ಧ ಗೇಣು ಸರಿಸುವುದು ಸುಲಭ. ಒಬ್ಬ ಕಂಟ್ರಾಕ್ಟರ್ ಪೊದೆಯ ಹತ್ತಿರ ಬಂದಾಗಲೆಲ್ಲ ಸೀನುತ್ತಿದ್ದ. ಸೀನಿದ ರಭಸಕ್ಕೆ ಕಾಲು ಜಾರುತ್ತಿತ್ತು, ಜಾರಿದ ಕಾಲಿಗೆ ಚೆಂಡು ಸಿಗುತ್ತಿತ್ತು. ಮೂರು ಸೀನು ನೋಡಿದ ಹದ್ದಣ್ಣ ನಾಲ್ಕನೆಯದಕ್ಕೆ ಟೋಪಿಯನ್ನು ಇನ್ನೂ ಕೆಳಗೆಳೆದು ಕಿವಿ ಮುಚ್ಚಿಕೊಂಡು ನಿಂತುಬಿಟ್ಟ. ಅಂದಿನಿಂದ ಕ್ಲಬ್ಬಿನಲ್ಲಿ ನೆಗಡಿಯಾದವರು ಕೂಡ ಅವನ ಮುಂದೆ ಮೂಗು ಹಿಡಿದುಕೊಂಡು ಓಡಾಡುವಂತಾಯಿತು.

ಮನೆಯಲ್ಲಿಯೂ ಇದೇ ಕಥೆ. ಹಾಲಿನವನು ನೀರು ಬೆರೆಸುತ್ತಾನೆ, ಪಕ್ಕದ ಮನೆಯವರು ನಮ್ಮ ಕಿಟಕಿಯನ್ನೇ ನೋಡುತ್ತಾರೆ, ಬಸ್ಸಿನ ಕಂಡಕ್ಟರ್ ಬೇಕೆಂದೇ ಒಂದು ಸ್ಟಾಪ್ ಮುಂದೆ ಇಳಿಸುತ್ತಾನೆ. ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವವಳು. ಹೊಲಿಗೆ ಯಂತ್ರದ ಸದ್ದು ನಿಲ್ಲಿಸದೆಯೇ ಇವನ ಮಾತಿಗೆ ಉತ್ತರ ಕೊಡುತ್ತಿದ್ದಳು. "ನಿಮಗೆ ಅನುಮಾನ ಅಂದ್ರೆ ಊಟಕ್ಕೆ ಉಪ್ಪು ಇದ್ದ ಹಾಗೆ ಕಣ್ರೀ. ಒಂದಿನ ಇಲ್ದಿದ್ರೆ ತಟ್ಟೆ ತಳ್ಳಿಬಿಡ್ತೀರ."

ಹಲ್ಲಿನ ಡಾಕ್ಟರಮ್ಮ ಅವನ ಕೈಗೆ ಬಂದದ್ದು ನಾಲ್ಕು ವರ್ಷದ ಹಿಂದೆ. ಬಸ್ ನಿಲ್ದಾಣದ ಎದುರು, ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ ಆಕೆಯ ಕ್ಲಿನಿಕ್. ವಯಸ್ಸು ಐವತ್ತು ದಾಟಿತ್ತು, ಆಟಕ್ಕೆ ಬಂದದ್ದು ತಡ. ಬಯಲಿನಲ್ಲಿ ಆಕೆಯ ಹೊಡೆತ ಅಷ್ಟಕ್ಕಷ್ಟೆ. ಮೇಲೆದ್ದ ಚೆಂಡು ಕೊನೆಗೆ ಬಲಕ್ಕೆ ವಾಲಿ ಮರಗಳ ನಡುವೆ ಸೇರಿಕೊಳ್ಳುತ್ತಿತ್ತು. ಆ ಕ್ಲಬ್ಬಿನಲ್ಲಿ ಮರಗಳಿರುವುದೂ ಹೆಚ್ಚಾಗಿ ದಾರಿಯ ಬಲಕ್ಕೇ. ಹೀಗಾಗಿ ಡಾಕ್ಟರಮ್ಮನ ಅರ್ಧ ಆಟ ಪೊದೆಯಲ್ಲೇ ನಡೆಯುತ್ತಿತ್ತು, ಮತ್ತು ಪೊದೆಯೊಳಗೆ ಆಕೆ ಎತ್ತಿದ ಕೈ.

ಅದನ್ನು ನೋಡಿಯೇ ನಂಬಬೇಕು. ಚೆಂಡು ತಗ್ಗು ಕೊಂಬೆಯ ಕೆಳಗಿದ್ದರೆ, ಅದನ್ನು ಹಿಂದಿನ ಪಾದದ ನೇರಕ್ಕೆ ಬರುವಂತೆ ನಿಂತು, ಕೈಯನ್ನು ಮುಂದೆ ಮಾಡಿ, ಕೋಲನ್ನು ಸೊಂಟದ ಮಟ್ಟಕ್ಕಷ್ಟೇ ಎತ್ತಿ ಕುಕ್ಕುತ್ತಿದ್ದರು. ಚೆಂಡು ನೆಲ ಬಿಟ್ಟು ಮೊಣಕಾಲೆತ್ತರದಲ್ಲಿ ಓಡಿ ಬಯಲು ಸೇರುತ್ತಿತ್ತು. ಕಾಂಡ ಅಡ್ಡವಾಗಿ ಬಲಗೈಗೆ ಜಾಗವಿಲ್ಲದಿದ್ದರೆ ಕೋಲಿನ ಮೂತಿಯನ್ನು ತಿರುವಿ ಎಡಗೈ ಆಟ. ಪೊದೆ ತಲೆಗೆ ತಾಗುವಷ್ಟು ಕೆಳಗಿದ್ದರೆ ಮೊಣಕಾಲೂರಿ ಕೂತೇ ಹೊಡೆತ. ಏನೂ ಆಗದಿದ್ದಾಗ ಜಂಭ ಮಾಡದೆ, "ಇದು ಆಗಲ್ಲ ಅಣ್ಣ" ಎಂದು ಒಂದು ಹೊಡೆತದ ದಂಡ ಒಪ್ಪಿಕೊಂಡು, ಎರಡು ಕೋಲಿನಳತೆಯೊಳಗೆ ಚೆಂಡನ್ನು ಇಳಿಬಿಟ್ಟು ಮುಂದುವರಿಯುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಯಾರೋ ಕೇಳಿದ್ದಕ್ಕೆ, "ಮೂವತ್ತು ವರ್ಷದಿಂದ ಬೇರೆಯವರ ಬಾಯೊಳಗೆ ಕೈ ಹಾಕಿ ಕೆಲಸ ಮಾಡಿದೀನಿ. ಈ ಪೊದೆ ಕಚ್ಚೋದಾದ್ರೂ ಇಲ್ಲ" ಎಂದಿದ್ದರು.

ಯಾವ ಎರಡು ಮರಗಳ ಸಂದಿನಲ್ಲಿ ಚೆಂಡು ಹೊರಹೋಗಬೇಕು ಎಂದು ನೋಡಿ ಹೇಳುವುದು ಹದ್ದಣ್ಣನ ಪಾಲು. ಅವನು ಬೆರಳು ತೋರಿಸಿದ ಕಡೆಗೆ ಆಕೆ ಹೊಡೆಯುತ್ತಿದ್ದರು. ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಒಳಗೊಳಗೇ ಹೆಮ್ಮೆಯೂ ಇತ್ತು ಅವನಿಗೆ. ನಾಲ್ಕನೆಯ ವರ್ಷ ಮಾತ್ರ ಏನೋ ಕೆಟ್ಟಿತು.

ಚೆಂಡು ಅವನು ಕಂಡ ಜಾಗದಲ್ಲಿ ಸಿಗುತ್ತಿರಲಿಲ್ಲ. ಮೂರನೇ ಪೊದೆಯ ಹಿಂದೆ ಬಿದ್ದದ್ದನ್ನು ನೋಡಿ ನೇರ ಅಲ್ಲಿಗೇ ಹೋದರೆ ಅಲ್ಲಿ ಒಣಗಿದ ಎಲೆ. ಅಷ್ಟರಲ್ಲಿ ಎಡಗಡೆಯಿಂದ, "ಇಲ್ಲಿದೆ ನೋಡಿ ಅಣ್ಣ" ಎಂದು ಡಾಕ್ಟರಮ್ಮನ ದನಿ. ಒಂದು ಸಲವಾದರೆ ಹೋಗಲಿ ಅನ್ನಬಹುದು. ವಾರಕ್ಕೆರಡು ಸಲ, ಮೂರು ಸಲ. ಸಿಕ್ಕಾಗಲೆಲ್ಲ ಅದು ಎಂಟು ಹತ್ತು ಹೆಜ್ಜೆ ಎಡಕ್ಕೇ ಇರುತ್ತಿತ್ತು. ಎಡಕ್ಕೆ ಎಂದರೆ ಬಯಲಿನ ಕಡೆಗೆ. ಎಂದರೆ ಹೊಡೆಯಲು ಸುಲಭವಾಗುವ ಕಡೆಗೆ. ಸಾಲದ್ದಕ್ಕೆ ಆಕೆ ಈಗೀಗ ಪೊದೆಯೊಳಗೆ ಅವನ ಬೆನ್ನಿಗೇ ಬರತೊಡಗಿದ್ದರು. ಆಟಗಾರರು ಕ್ಯಾಡಿಗಿಂತ ಮುಂದೆ ಹೋಗಬಾರದು ಎಂದಷ್ಟೇ ಪದ್ಧತಿ, ಜೊತೆಗೆ ಹೋಗುವುದಕ್ಕೆ ಅಡ್ಡಿ ಇರಲಿಲ್ಲ. ಆದರೆ ಮುಳ್ಳು ತರಚಿಸಿಕೊಳ್ಳುವ ಉಸಾಬರಿ ಯಾರಿಗೆ ಬೇಕು? ಬೇಕಾದವರಿಗೆ ಏನೋ ಕಾರಣ ಇರಲೇಬೇಕಲ್ಲ!

ಹದ್ದಣ್ಣ ಆಕೆಯ ಕಾಲನ್ನು ನೋಡತೊಡಗಿದ. ಬಿಳಿ ಬೂಟು, ಕಂದು ಲೇಸು. ಬೂಟು ಏನನ್ನೂ ಬಿಟ್ಟುಕೊಡಲಿಲ್ಲ, ಕಣ್ಣಾರೆ ಕಾಣದ್ದಕ್ಕೆ ಅವನು ಪ್ರತಿ ಸಲವೂ ಒಲ್ಲದ ಮನಸ್ಸಿನಿಂದಲೇ ಟೋಪಿ ಎತ್ತುತ್ತಿದ್ದ. ಎದುರಾಳಿಗಳ ಕ್ಯಾಡಿಗಳನ್ನೂ ನೋಡಿದ. ಅವರಲ್ಲಿ ಗಡಿಯಾರ ಎಂದು ಹೆಸರು ಬಿದ್ದವನೊಬ್ಬನಿದ್ದ. ಚೆಂಡು ಹುಡುಕಲು ಇರುವುದು ಮೂರೇ ನಿಮಿಷ, ಆಮೇಲೆ ಸಿಕ್ಕರೂ ಕಳೆದುಹೋದ ಹಾಗೆಯೇ ಲೆಕ್ಕ. ಆ ಮೂರು ನಿಮಿಷವನ್ನು ಈ ಗಡಿಯಾರ ಕೈಗಡಿಯಾರ ನೋಡಿಕೊಂಡು ಗಟ್ಟಿಯಾಗಿ ಕೂಗುತ್ತಿದ್ದ. ಒಮ್ಮೆ ಅವನು, "ಹದ್ದಣ್ಣ, ಇನ್ನೂ ಎಡಕ್ಕೆ ಹೋಗಿ" ಎಂದ. ನನ್ನ ದಾರಿ ತಪ್ಪಿಸಿ ಹೊತ್ತು ಕಳೆಯಲು ನೋಡುತ್ತಿದ್ದಾನೆ ಎಂದುಕೊಂಡು ಹದ್ದಣ್ಣ ಹಟ ಹಿಡಿದು ಇನ್ನೂ ಬಲಕ್ಕೆ ಹೋದ. ಚೆಂಡು ಎಡಕ್ಕೇ ಸಿಕ್ಕಿತು. ಗಡಿಯಾರನೂ ಡಾಕ್ಟರಮ್ಮನೂ ಸೇರಿಕೊಂಡಿದ್ದಾರೆ ಎಂಬ ಹೊಸ ಅನುಮಾನವೊಂದನ್ನು ಅಂದು ಸಂಜೆ ಅವನು ಮನೆಗೆ ತಂದ.

"ಗಡಿಯಾರ ಎದುರು ಪಾರ್ಟಿಯವನಲ್ವಾ?" ಎಂದು ಹೆಂಡತಿ ಕೇಳಿದಳು. "ನಿಮ್ಮ ಡಾಕ್ಟ್ರಮ್ಮ ಗೆಲ್ಲೋಕೆ ಅವನ್ಯಾಕೆ ಸಹಾಯ ಮಾಡ್ತಾನೆ?"

"ಅದೇ ಗೊತ್ತಾಗ್ತಿಲ್ಲ. ಅದಕ್ಕೇ ಇನ್ನೂ ಅನುಮಾನ."

"ಕಾಮಾಲೆ ಕಣ್ಣಿಗೆ ಲೋಕ ಎಲ್ಲ ಹಳದಿ" ಎಂದು ಹೇಳಿ ಅವಳು ಸೂಜಿಗೆ ದಾರ ಪೋಣಿಸಿಕೊಳ್ಳಲು ಕನ್ನಡಕ ಹುಡುಕಿದಳು. ಮೊದಲೆಲ್ಲ ಆ ಕೆಲಸಕ್ಕೆ ಅವನನ್ನೇ ಕರೆಯುತ್ತಿದ್ದಳು. ಈಗ ಯಾಕೆ ಕರೆಯುತ್ತಿಲ್ಲ ಎಂಬುದರ ಬಗ್ಗೆಯೂ ಅವನಿಗೊಂದು ಸಣ್ಣ ಅನುಮಾನವಿತ್ತು. ಅದಕ್ಕೆ ಇನ್ನೂ ಸರದಿ ಬಂದಿರಲಿಲ್ಲ.

ಸಾಕ್ಷಿ ಬೇಕಿತ್ತು. ಬುಧವಾರ ಹದ್ದಣ್ಣ ಕೆನ್ನೆಯ ಮೇಲೆ ಅಂಗೈ ಒತ್ತಿಕೊಂಡು ಕ್ಲಿನಿಕ್ಕಿನ ಕಿರಿದಾದ ಮೆಟ್ಟಿಲು ಹತ್ತಿದ. ಮೂರು ಪ್ಲಾಸ್ಟಿಕ್ ಕುರ್ಚಿ, ಮುಖಪುಟ ಹರಿದ ಪತ್ರಿಕೆಗಳು, ಒಂದೇ ಮೀನಿದ್ದ ಗಾಜಿನ ತೊಟ್ಟಿ. ಉಳಿದ ಮೀನುಗಳು ಏನಾದವು ಎಂದು ಯೋಚಿಸುತ್ತಿರುವಾಗಲೇ ಒಳಗೆ ಕರೆದರು.

"ಎಲ್ಲಿ ನೋವು ಅಣ್ಣ?"

"ಎಡಗಡೆ. ಅಲ್ಲ, ಬಲಗಡೆ ಇರಬೇಕು."

"ನೋವು ನಿಮ್ಮದೇ ತಾನೆ?" ಎಂದು ಡಾಕ್ಟರಮ್ಮ ಅವನನ್ನು ಒಂದು ಗಳಿಗೆ ನೆಟ್ಟ ಕಣ್ಣಿಂದ ನೋಡಿದರು. ಆಮೇಲೆ ಮಾಸ್ಕ್ ಏರಿಸಿಕೊಂಡು, "ಬಾಯಿ ತೆಗೀರಿ" ಎಂದರು.

ಅವನು ಬಾಯಿ ತೆರೆದ, ಕಣ್ಣನ್ನೂ ತೆರೆದೇ ಇಟ್ಟಿದ್ದ. ಕಂಡದ್ದೇನು? ಕುರ್ಚಿ ತಾನಾಗಿ ಮೇಲೇರಿತು, ಆಕೆಯ ಕೈ ಅದನ್ನು ಮುಟ್ಟಿರಲಿಲ್ಲ. ತಲೆಯ ಕಡೆ ಇಳಿಯಿತು, ಆಗಲೂ ಕೈ ಮುಟ್ಟಿರಲಿಲ್ಲ. ಡ್ರಿಲ್ ಗುಂಯ್ ಎಂದಿತು, ನಿಂತಿತು, ಮತ್ತೆ ಗುಂಯ್ ಎಂದಿತು. ಹದ್ದಣ್ಣ ಕತ್ತು ಓರೆ ಮಾಡಿ ಕೆಳಗೆ ನೋಡಿದ. ಎಲ್ಲವನ್ನೂ ಆಕೆ ಕಾಲಿನಿಂದ ನಡೆಸುತ್ತಿದ್ದರು! ನೆಲದ ಮೇಲೆ ಮೂರು ನಾಲ್ಕು ಪೆಡಲ್ ಇದ್ದವು. ಬಲಗಾಲು ಒಂದರಿಂದ ಇನ್ನೊಂದಕ್ಕೆ ಬೆಕ್ಕಿನ ಹಾಗೆ ಸರಿಯುತ್ತಿತ್ತು, ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ, ಕಣ್ಣು ಅವನ ಹಲ್ಲಿನ ಮೇಲೇ ಇತ್ತು. ಮೂವತ್ತು ವರ್ಷ ಹೀಗೆ ಪಳಗಿದ ಕಾಲು! ಇಂಥ ಕಾಲಿಗೆ ಒಂದು ಚೆಂಡು ಯಾವ ಲೆಕ್ಕ? ಹದ್ದಣ್ಣನ ಮೈ ಬಿಸಿಯಾಯಿತು. ಸುಳ್ಳು ನೋವಿನ ಹಲ್ಲಿನ ಪಕ್ಕದಲ್ಲಿ ಡಾಕ್ಟರಮ್ಮನಿಗೆ ನಿಜವಾದ ಹುಳುಕು ಸಿಕ್ಕಿತ್ತು, ಅದನ್ನು ಕೊರೆದು ತುಂಬಿದರು. ಅಷ್ಟು ಹೊತ್ತೂ ಅವನು ನೋವನ್ನು ಗಮನಿಸಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಕ್ಲಬ್ಬಿನ ಮ್ಯಾನೇಜರ್ ಮುಂದೆ ನಿಂತಿದ್ದ. ಮ್ಯಾನೇಜರ್ ಕಡಿಮೆ ಮಾತಿನ ಮನುಷ್ಯ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್.

"ಭಾನುವಾರ ಕ್ಲಬ್ ಪಂದ್ಯದ ಫೈನಲ್ ಇದೆ" ಎಂದ ಹದ್ದಣ್ಣ. "ಡಾಕ್ಟ್ರಮ್ಮ ಚೆಂಡು ಸರಿಸ್ತಾರೆ."

ಮ್ಯಾನೇಜರ್ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟ. "ನೀನು ಕಣ್ಣಾರೆ ನೋಡಿದೀಯಾ?"

"ಬಿದ್ದ ಜಾಗ ನೋಡಿದೀನಿ, ಸಿಕ್ಕಿದ ಜಾಗ ನೋಡಿದೀನಿ. ಎರಡೂ ಒಂದೇ ಅಲ್ಲ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಆಯಮ್ಮನ ಹೆಸರು ಊರ ಬಾಯಿಗೆ ಬಿದ್ರೆ ಕ್ಲಿನಿಕ್‌ಗೆ ಬೀಗ. ಕಳ್ಳಿ ಅನ್ನಿಸಿಕೊಂಡೋಳ ಮುಂದೆ ಯಾರು ಬಾಯಿ ತೆಗೀತಾರೆ? ನಿನ್ನ ಮಾತು ಸುಳ್ಳಾದ್ರೆ ನಿನ್ನ ಟೋಪಿಗೆ ಬೆಲೆ ಇರಲ್ಲ. ಯೋಚನೆ ಮಾಡಿದೀಯಾ?"

"ಮಾಡಿದೀನಿ. ಭಾನುವಾರ ಚೆಂಡು ಮರಕ್ಕೆ ಹೋದ ತಕ್ಷಣ ನೀವು ಆಯಮ್ಮನ್ನ ದಾರೀಲೇ ಮಾತಿಗೆ ಹಿಡ್ಕೊಳ್ಳಿ. ನಾನು ಒಬ್ಬನೇ ಓಡಿಹೋಗಿ ನೋಡ್ತೀನಿ. ಯಾರೂ ಮುಟ್ಟದೆ ಇದ್ರೆ ಚೆಂಡು ನಾನು ಕಂಡ ಜಾಗದಲ್ಲೇ ಇರ್ಬೇಕು. ಇದ್ರೆ, ಇಷ್ಟು ದಿನ ಸರಿಸಿದ್ದು ಅವರೇ ಅಂತ ಆಯ್ತಲ್ಲ."

ಮ್ಯಾನೇಜರ್ ಅವನನ್ನೂ ಪೆನ್ಸಿಲನ್ನೂ ಸ್ವಲ್ಪ ಹೊತ್ತು ನೋಡಿ, "ಹೂಂ" ಎಂದ. ಆ ಹೂಂನಲ್ಲಿ ಇನ್ನೇನೋ ಇದ್ದ ಹಾಗಿತ್ತು. ಹದ್ದಣ್ಣ ಹೊರಬಂದ ಮೇಲೂ ಅದು ಅವನ ಕಿವಿಯಲ್ಲಿ ಕೊರೆಯುತ್ತಿತ್ತು.

ಭಾನುವಾರ ನಸುಕಿನಲ್ಲಿ ಸಣ್ಣ ಮಳೆ ಬಂದು ನಿಂತಿತ್ತು. ನೆಲ ಮೆತ್ತಗಾಗಿತ್ತು. ಡಾಕ್ಟರಮ್ಮನ ಎದುರಾಳಿ ಒಬ್ಬ ಲಾಯರು, ಅವರ ಚೀಲ ಗಡಿಯಾರನ ಹೆಗಲಲ್ಲಿ. ಒಂದೊಂದು ಕುಳಿಯನ್ನೂ ಕಡಿಮೆ ಹೊಡೆತದಲ್ಲಿ ಮುಗಿಸಿದವರಿಗೆ ಆ ಕುಳಿ ಎಂದು ಲೆಕ್ಕ, ಹದಿನಾಲ್ಕು ಮುಗಿದಾಗ ಇಬ್ಬರೂ ಸಮ. ಅಷ್ಟರವರೆಗೂ ಡಾಕ್ಟರಮ್ಮ ಯಾಕೋ ಬಯಲು ಬಿಟ್ಟು ಹೋಗಿರಲೇ ಇಲ್ಲ. ಇಂದೇ ಯಾಕೆ ಇಷ್ಟು ನೇರ, ಯಾರಾದರೂ ಮುಂಚೆಯೇ ಸುಳಿವು ಕೊಟ್ಟರೇ ಎಂದು ಹದ್ದಣ್ಣನಿಗೆ ಕಸಿವಿಸಿ.

ಹದಿನೈದನೆಯದು ಆ ಕ್ಲಬ್ಬಿನ ಎಡವಟ್ಟು ದಾರಿ. ಅದೊಂದರಲ್ಲಿ ಮಾತ್ರ ಮರಗಳೆಲ್ಲ ಎಡಕ್ಕೆ. ಡಾಕ್ಟರಮ್ಮ ಹೊಡೆದರು, ಗಾಳಿ ಅಡ್ಡ ಬೀಸಿತು, ಚೆಂಡು ಎಡಕ್ಕೆ ಎದ್ದು ಮರಗಳ ಕಡೆ ಹೋಯಿತು. ಕೊನೆಗೆ ತುಸು ಬಲಕ್ಕೆ ವಾಲಿ ಅಂಚಿನ ಜೋಡಿಮರದ ಬುಡದಲ್ಲಿ ಇಳಿದದ್ದನ್ನು ಹದ್ದಣ್ಣ ಸ್ಪಷ್ಟವಾಗಿ ಕಂಡ. ಚೀಲವನ್ನು ಅಲ್ಲೇ ಇಳಿಸಿ ಓಡಿದ. ಹಿಂದೆ ಮ್ಯಾನೇಜರ್ ಡಾಕ್ಟರಮ್ಮನನ್ನು ಯಾವುದೋ ಮಾತಿಗೆ ನಿಲ್ಲಿಸಿಕೊಂಡದ್ದು ಕೇಳಿಸಿತು. ಎಲ್ಲ ಅಂದುಕೊಂಡ ಹಾಗೆಯೇ ಆಗುತ್ತಿತ್ತು.

ಜೋಡಿಮರದ ಬುಡದಲ್ಲಿ ಚೆಂಡು ಇರಲಿಲ್ಲ.

ಸುತ್ತ ನೋಡಿದ. ಎಲೆ ಸರಿಸಿದ, ಬೇರಿನ ಸಂದಿಗೆ ಬಗ್ಗಿದ. "ಒಂದು ನಿಮಿಷ" ಎಂದು ಬಯಲಿನ ಕಡೆಯಿಂದ ಗಡಿಯಾರ ಕೂಗಿದ. ಡಾಕ್ಟರಮ್ಮ ಇನ್ನೂ ದೂರದಲ್ಲೇ ಇದ್ದರು, ಲಾಯರೂ ಅಲ್ಲೇ. ಹಾಗಾದರೆ ಚೆಂಡು ಎಲ್ಲಿ ಹೋಯಿತು? "ಎಡಕ್ಕೆ ಹದ್ದಣ್ಣ, ಹತ್ತು ಹೆಜ್ಜೆ ಒಳಗೆ" ಎಂದು ಗಡಿಯಾರ ಮತ್ತೆ ಕೂಗಿದ. "ಎರಡು ನಿಮಿಷ!" ಹದ್ದಣ್ಣ ಹಲ್ಲು ಕಚ್ಚಿಕೊಂಡು ಎಡಕ್ಕೆ ನುಗ್ಗಿದ. ಹತ್ತನೆಯ ಹೆಜ್ಜೆಯಲ್ಲಿ, ಒಂದು ಮುಳ್ಳುಪೊದೆಯ ಕೆಳಗೆ ಚೆಂಡು ಕೂತಿತ್ತು.

ಅವನು ಮೊದಲು ನೋಡಿದ್ದು ನೆಲವನ್ನು. ಹಸಿ ಮಣ್ಣಿನಲ್ಲಿ ಅವನ ಹೆಜ್ಜೆ ಬಿಟ್ಟರೆ ಇನ್ನೊಂದು ಹೆಜ್ಜೆ ಇರಲಿಲ್ಲ. ಚೆಂಡಿನ ಹಿಂದೆ ಒಂದು ಗೇಣು ದೂರದಲ್ಲಿ ಅದು ಬಿದ್ದು ಮಾಡಿದ ಗುಳಿ, ಅಲ್ಲಿಂದ ಉರುಳಿ ಬಂದ ಗೆರೆ. ಮೇಲೆ ಆಗತಾನೆ ಮುರಿದ ಒಂದು ರೆಂಬೆ. ಯಾರೂ ಬಂದಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಚೆಂಡು ಬಿದ್ದದ್ದೇ ಇಲ್ಲಿ. ಇನ್ನೊಂದು ಮಾತೂ ಅವನಿಗೆ ಆಗಲೇ ಹೊಳೆಯಿತು. ಇಲ್ಲಿ ಎಡಕ್ಕೆ ಎಂದರೆ ಬಯಲಿನ ಕಡೆಗಲ್ಲ, ಇನ್ನೂ ಒಳಗೆ, ಇನ್ನೂ ಕಷ್ಟದ ಜಾಗಕ್ಕೆ. ತನ್ನ ಚೆಂಡನ್ನು ತಾನೇ ಮುಳ್ಳಿಗೆ ತಳ್ಳುವ ಕಳ್ಳರು ಲೋಕದಲ್ಲಿಲ್ಲ.

ಹದ್ದಣ್ಣ ನಿಧಾನವಾಗಿ ಬಲಗಣ್ಣು ಮುಚ್ಚಿದ. ಚೆಂಡು ಬೆಳ್ಳಗೆ ಕಂಡಿತು. ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದ. ಪೊದೆ ಇತ್ತು, ಮಣ್ಣು ಇತ್ತು, ನಡುವೆ ಚೆಂಡಿರಬೇಕಾದ ಜಾಗದಲ್ಲಿ ಒಂದು ಮಬ್ಬು. ಕಣ್ಣು ಉಜ್ಜಿ ಮತ್ತೆ ನೋಡಿದ. ಮಬ್ಬು ಹೋಗಲಿಲ್ಲ. ಎಷ್ಟು ತಿಂಗಳಿಂದ ಹೀಗಿತ್ತೋ! ಮೇಲೆದ್ದ ಚೆಂಡನ್ನು ಅವನು ನೋಡುತ್ತಿದ್ದ, ಇಳಿಯುವ ಚೆಂಡನ್ನು ನೋಡುತ್ತಿರಲೇ ಇಲ್ಲ. ಡಾಕ್ಟರಮ್ಮನ ಚೆಂಡು ಹಳೆಯ ಕಾಲದಲ್ಲಿ ಕೊನೆಗೆ ಬಲಕ್ಕೆ ವಾಲುತ್ತಿತ್ತಲ್ಲ, ಆ ವಾಲುವಿಕೆಯನ್ನು ನೆನಪಿನಿಂದ ಸೇರಿಸಿಕೊಂಡು, ಕಂಡೆ ಎಂದುಕೊಳ್ಳುತ್ತಿದ್ದ. ಆಕೆಯ ಹೊಡೆತ ಈ ವರ್ಷ ನೇರವಾಗಿತ್ತು. ಊರವರ ಕಾಲನ್ನೆಲ್ಲ ಅನುಮಾನಿಸಿದವನು ತನ್ನ ಕಣ್ಣನ್ನು ಒಂದು ದಿನವೂ ಅನುಮಾನಿಸಿರಲಿಲ್ಲ.

"ಎರಡೂವರೆ!"

ಅವನ ಕೈ ಟೋಪಿಗೆ ಹೋಯಿತು. ಎತ್ತಿದ.

ಟೋಪಿ ಎತ್ತಿ ಸುಮ್ಮನಾಗಿಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ ಎಂಬುದು ನಿಜ. ಅವನಿಗೂ ಅದು ಹೊಳೆಯಿತು, ಹೊಳೆಯಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಶುಕ್ರವಾರ ಮ್ಯಾನೇಜರ್ ಕಿವಿಗೆ ಹಾಕಿದ ಮಾತು? ಇವತ್ತು ಕಾವಲಿತ್ತು, ಅದಕ್ಕೇ ಸರಿಸಲಿಲ್ಲ ಎಂದು ಅವನು ತಿಳಿಯುತ್ತಾನೆ. ಡಾಕ್ಟರಮ್ಮನ ತಲೆಯ ಮೇಲೆ ಗೂಬೆ ಕೂತೇ ಇರುತ್ತದೆ. ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಆಕೆ ಪೊದೆ ಸರಿಸಿಕೊಂಡು ಬಂದರು. ಚೆಂಡನ್ನು ನೋಡಿದರು, ಎದುರಿನ ಮರಗಳನ್ನು ನೋಡಿದರು.

"ಯಾವ ಸಂದು ಅಣ್ಣ?"

ಹದ್ದಣ್ಣ ತಲೆ ಎತ್ತಿದ. ಎರಡು ಸಂದು ಇದ್ದ ಹಾಗಿತ್ತು, ಮೂರು ಇರಲೂಬಹುದು. ಒಂದು ಮರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲಿಲ್ಲ. ಬೆರಳು ಎತ್ತಿದ, ಇಳಿಸಿದ.

"ನನ್ನನ್ನ ಕೇಳ್ಬೇಡಿ ಡಾಕ್ಟ್ರಮ್ಮ. ನನ್ನ ಬಲಗಣ್ಣು ಹೋಗಿದೆ. ಈಗ ಗೊತ್ತಾಯ್ತು." ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇಷ್ಟು ದಿನ ಚೆಂಡು ಬೇರೆ ಕಡೆ ಸಿಕ್ತಿತ್ತಲ್ಲ, ನೀವೇ ಕಾಲಲ್ಲಿ ಸರಿಸ್ತೀರ ಅಂದ್ಕೊಂಡೆ. ಹಲ್ಲು ನೋವು ಅಂತ ಬಂದಿದ್ದೂ ನಿಮ್ಮ ಕಾಲು ನೋಡೋಕೆ. ಮ್ಯಾನೇಜರ್‌ಗೂ ದೂರು ಹೇಳಿದೀನಿ."

ಡಾಕ್ಟರಮ್ಮ ಕೋಲನ್ನು ನೆಲಕ್ಕೆ ಊರಿದರು. ಮುಖ ಕೆಂಪಾಯಿತು. ಆಕೆ ಬೈಯುತ್ತಾರೆ ಎಂದು ಅವನು ತಲೆ ತಗ್ಗಿಸಿದ.

"ನಾನು ನಿಮ್ಮನ್ನ ಏನಂದ್ಕೊಂಡಿದ್ದೆ ಗೊತ್ತಾ?" ಎಂದರು ಆಕೆ. "ಮೂರು ನಿಮಿಷ ಹಾಳಾಗ್ಲಿ ಅಂತ ಬೇಕಂತಲೇ ತಪ್ಪು ಜಾಗದಲ್ಲಿ ಹುಡುಕ್ತೀರ, ಯಾರೋ ನಿಮ್ಮನ್ನ ಕೊಂಡ್ಕೊಂಡಿದಾರೆ ಅಂತ. ಅದಕ್ಕೇ ನಾನು ನಿಮ್ಮ ಬೆನ್ನಿಗೇ ಪೊದೆಗೆ ಬರ್ತಿದ್ದಿದ್ದು. ಕ್ಲಿನಿಕ್‌ಗೆ ಬಂದಾಗ ಪತ್ತೇದಾರಿಕೆಗೆ ಬಂದಿದಾರೆ ಅಂತಲೂ ಅನ್ನಿಸ್ತು."

"ಪತ್ತೇದಾರಿಕೆಗೇ ಬಂದಿದ್ದೆ."

"ಮ್ಯಾನೇಜರ್‌ಗೆ ನಾನೂ ದೂರು ಕೊಟ್ಟಿದೀನಿ. ಗುರುವಾರ ಸಂಜೆ."

ಇಬ್ಬರೂ ಒಟ್ಟಿಗೆ ಬಯಲಿನ ಕಡೆ ತಿರುಗಿದರು. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು, ಎರಡು ಕೈಯನ್ನೂ ಬೆನ್ನಿಗೆ ಕಟ್ಟಿಕೊಂಡು ಮ್ಯಾನೇಜರ್ ಇವರನ್ನೇ ನೋಡುತ್ತ ನಿಂತಿದ್ದ. ಎರಡು ದೂರನ್ನೂ ಹೊಟ್ಟೆಯೊಳಗಿಟ್ಟುಕೊಂಡು ಆ ಮನುಷ್ಯ ಬೆಳಗಿನಿಂದ ಇಬ್ಬರಿಗೂ ಕಾವಲು ಕಾಯುತ್ತಿದ್ದ! ಡಾಕ್ಟರಮ್ಮನಿಗೆ ನಗು ಬಂತು. ಹದ್ದಣ್ಣನಿಗೆ ಬರಲಿಲ್ಲ. ತನ್ನಂಥವನನ್ನು ಇನ್ನೊಬ್ಬರು ಹೀಗೆ ತಿಳಿಯಬಹುದು ಎಂಬುದು ಅವನ ಕನಸಿನಲ್ಲೂ ಬಂದಿರಲಿಲ್ಲ. ಆ ಅನುಮಾನ ಚುಚ್ಚಿದಷ್ಟು ಮುಳ್ಳೂ ಅವನನ್ನು ಚುಚ್ಚಿರಲಿಲ್ಲ.

ಡಾಕ್ಟರಮ್ಮ ಸಂದನ್ನು ತಾವೇ ಆರಿಸಿಕೊಂಡರು. ಎರಡು ಮೊಣಕಾಲನ್ನೂ ಹಸಿಮಣ್ಣಿಗೆ ಊರಿ, ಮುಳ್ಳು ಕೊಂಬೆ ಮುರಿಯದಂತೆ ಭುಜವನ್ನು ಕುಗ್ಗಿಸಿ, ಕೋಲನ್ನು ಗಿಡ್ಡವಾಗಿ ಹಿಡಿದು ಕುಕ್ಕಿದರು. ಹದ್ದಣ್ಣ ನೋಡಲು ಹೋಗಲಿಲ್ಲ, ಕಿವಿಗೊಟ್ಟ. ಮರಕ್ಕೆ ಬಡಿದ ಸದ್ದು ಬರಲಿಲ್ಲ. ಆಚೆಯಿಂದ ಲಾಯರು, "ಅಬ್ಬಾ" ಎಂದದ್ದು ಕೇಳಿಸಿತು. ಆ ಕುಳಿ ಸಮವಾಯಿತು.

ಹದ್ದಣ್ಣ ನೇರವಾಗಿ ಮ್ಯಾನೇಜರ್ ಹತ್ತಿರ ನಡೆದ. ಲಾಯರೂ ಗಡಿಯಾರನೂ ಅಲ್ಲೇ ಇದ್ದರು. ಅವರು ಸರಿಯಲಿ ಎಂದು ಅವನು ಕಾಯಲಿಲ್ಲ.

"ಶುಕ್ರವಾರ ನಾನು ಹೇಳಿದ್ದು ಸುಳ್ಳು. ಡಾಕ್ಟ್ರಮ್ಮನ ಕಡೆಯಿಂದ ಏನೂ ತಪ್ಪಿಲ್ಲ. ನನಗೆ ಕಣ್ಣು ಕಾಣ್ತಿಲ್ಲ."

ಮ್ಯಾನೇಜರ್ ಬೆನ್ನ ಹಿಂದಿನಿಂದ ಒಂದು ಕೈ ತೆಗೆದು ಮುಂದೆ ಚಾಚಿದ. ಹದ್ದಣ್ಣ ಟೋಪಿಯನ್ನು ಅದರ ಮೇಲಿಟ್ಟ.

"ಕಣ್ಣು ತೋರಿಸ್ಕೋ" ಎಂದ ಮ್ಯಾನೇಜರ್, ಮೆತ್ತಗಿನ ದನಿಯಲ್ಲಿ. "ಚೀಲ ಹೊರು, ಚೆಂಡು ಹುಡುಕು. ಸಾಕ್ಷಿ ಹೇಳೋದು ಬೇಡ. ಇವತ್ತು ಇಬ್ಬರಿಗೂ ಗಡಿಯಾರನೇ ಟೋಪಿ ಎತ್ತಲಿ."

ಬರಿತಲೆಯಲ್ಲಿ ನಡೆಯುವುದು ಹದ್ದಣ್ಣನಿಗೆ ಅಭ್ಯಾಸವಿರಲಿಲ್ಲ. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು, ಎಲ್ಲರೂ ತನ್ನ ತಲೆಯನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಅವಮಾನಕ್ಕಿಂತ ಹೆಚ್ಚಾಗಿ ಅವನಿಗೆ ಹೆದರಿಕೆಯಾಗಿತ್ತು. ಕಣ್ಣಿಲ್ಲದ ಹದ್ದನ್ನು ನಾಳೆ ಯಾರು ಕರೆಯುತ್ತಾರೆ?

ಹದಿನಾರನೆಯದನ್ನು ಡಾಕ್ಟರಮ್ಮ ಸೋತರು. ಹದಿನೇಳನ್ನೂ ಸೋತರೆ ಎರಡು ಕುಳಿ ಹಿಂದೆ, ಉಳಿಯುವುದು ಒಂದೇ, ಆಟ ಮುಗಿದ ಹಾಗೆ. ಆಕೆ ಹೊಡೆದ ಚೆಂಡು ಬಿಸಿಲಿಗೆ ಎದುರಾಗಿ ಎದ್ದು ಬಲಗಡೆಯ ಮರಗಳ ಸಾಲಿಗೆ ಹೋಯಿತು.

"ಬಿಸಿಲು ಕಣ್ಣಿಗೆ ಹೊಡೀತು ಅಣ್ಣ. ನನಗೂ ಕಾಣಿಸ್ಲಿಲ್ಲ" ಎಂದರು.

ಎರಡನೇ ಮರದ ಬುಡ ಎಂದಿತು ಹದ್ದಣ್ಣನ ಮನಸ್ಸು. ಇಪ್ಪತ್ತೇಳು ವರ್ಷ ಅವನನ್ನು ಸಾಕಿದ ಮನಸ್ಸು ಅದು. ಎರಡು ಹೆಜ್ಜೆ ಇಟ್ಟವನು ನಿಂತ. ಬಯಲಿನ ಆಚೆ ಅಂಚಿನಲ್ಲಿ, ಲಾಯರ ಚೆಂಡಿನ ಹತ್ತಿರ ಗಡಿಯಾರ ಚೀಲ ಇಳಿಸಿ ನಿಂತಿದ್ದ. ಎದುರು ಪಕ್ಷದವನು. ಒಂದು ತಪ್ಪು ಮಾತು ಆಡಿದರೆ ಸಾಕು, ಮೂರು ನಿಮಿಷ ಕಳೆದು ಅವನ ಲಾಯರು ಗೆಲ್ಲುತ್ತಾರೆ. ತಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅವನು?

"ಗಡಿಯಾರಾ!" ಎಂದು ಹದ್ದಣ್ಣ ಕೂಗಿದ. "ಎಲ್ಲಿ ಬಿತ್ತಪ್ಪಾ?"

ಈ ಪ್ರಶ್ನೆಯನ್ನು ಅವನು ಆ ಬಯಲಿನಲ್ಲಿ ಯಾರಿಗೂ ಕೇಳಿದವನಲ್ಲ. ಗಡಿಯಾರ ಕೈಗಡಿಯಾರದಿಂದ ತಲೆ ಎತ್ತಿದ. ಮರಗಳ ಸಾಲನ್ನು ಒಮ್ಮೆ ನೋಡಿದ. ಆಮೇಲೆ ಕೈಯೆತ್ತಿ ತೋರಿಸಿದ.

"ನಾಲ್ಕನೇ ಮರ, ಅಣ್ಣ. ಅದರ ಹಿಂದೆ ಒಣಗಿದ ಪೊದೆ ಇದೆಯಲ್ಲ, ಅದರೊಳಗೆ."

ಹದ್ದಣ್ಣ ಎರಡನೇ ಮರವನ್ನು ದಾಟಿದ. ದಾಟುವಾಗ ಕಾಲು ತಡೆಯಿತು, ತಡೆದ ಕಾಲನ್ನು ಎಳೆದುಕೊಂಡು ಮುಂದೆ ಹೋದ. ಮೂರನೇ ಮರವನ್ನೂ ದಾಟಿದ. ನಾಲ್ಕನೆಯದರ ಹಿಂದೆ ಬಗ್ಗಿ, ಒಣಗಿದ ರೆಂಬೆಗಳನ್ನು ಎರಡು ಕೈಯಿಂದ ನಿಧಾನವಾಗಿ ಬಿಡಿಸಿದ. ಚೆಂಡು ಅಲ್ಲೇ ಇತ್ತು.